ಕ್ರಾಪಿ ಮೀನಿಗೆ ಜಿಗ್ ಕಟ್ಟಲು ಕಲಿಯುವವರೇ, 'ಹೊಸಬರ ಕಿಟ್' ತಗೋಲೇಬೇಡಿ

ಡಲ್ಲಾಸ್ ಕಡೆ ಇರುವ, ಗಾಳ ಹಾಕುವ ಹುಚ್ಚು ಹತ್ತಿರುವ ಕನ್ನಡದವರು ಇದನ್ನು ಪೂರ್ತಿ ಓದಿ. ನನಗೆ 79 ಡಾಲರ್ ಹೋಯಿತು. ಆಮೇಲೆ ಇನ್ನೂ 9 ಡಾಲರ್ ಹೋಯಿತು. 79ಕ್ಕಿಂತ ಆ 9 ಡಾಲರೇ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಾನು ಕುಂದಾಪುರದ ಕಡೆಯವನು. ಗಾಳ ನನಗೆ ಹೊಸದಲ್ಲ. ಆದರೆ ಜಿಗ್ ಕಟ್ಟುವುದು ಹೊಸದು. ಸೀಸದ ತಲೆ ಇರುವ ಕೊಕ್ಕೆಗೆ ಮರಬೂ ಪುಕ್ಕ, ಶೆನಿಲ್ ದಾರ ಸುತ್ತಿ ಸಣ್ಣ ಮೀನಿನ ಹಾಗೆ ಮಾಡುವುದು. ಚಳಿಗಾಲದಲ್ಲಿ ಮಗನ ಜೊತೆ ಕೂತು ಒಂದಿಷ್ಟು ಕಟ್ಟಬೇಕು, ವಸಂತದಲ್ಲಿ ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಕ್ರಾಪಿ ಮೊಟ್ಟೆ ಇಡಲು ದಡದ ಹತ್ತಿರ ಬಂದಾಗ ರೇ ರಾಬರ್ಟ್ಸ್ ಕೆರೆಗೆ ಹೋಗಬೇಕು ಅಂತ ಆಸೆ. ಆನ್‌ಲೈನ್‌ನಲ್ಲಿ ಒಂದು ಕಿಟ್ ಸಿಕ್ಕಿತು. ಕೊಕ್ಕೆಯನ್ನು ಕಚ್ಚಿ ಹಿಡಿಯುವ ವೈಸ್, ದಾರದ ಉರುಳೆ ಹಿಡಿದು ಸಣ್ಣ ಕೊಳವೆಯಿಂದ ದಾರ ಬಿಡುವ ಬಾಬಿನ್, ಕತ್ತರಿ, ಪುಕ್ಕ, 1/16 ಔನ್ಸಿನ 50 ಜಿಗ್ ಹೆಡ್, ಅಂದರೆ ಸೀಸದ ತಲೆಯ ಕೊಕ್ಕೆ. ಎಲ್ಲ ಒಂದೇ ಡಬ್ಬಿಯಲ್ಲಿ. ತಗೊಂಡೆ.

ಮೊದಲ ರಾತ್ರಿಯೇ ದಾರ ಹರಿಯಿತು. ಐದಾರು ಸುತ್ತು ಹಾಕುವುದು, ಪಟ್. ಪುಕ್ಕ ಮೇಜಿನ ಮೇಲೆಲ್ಲ ಹಾರುವುದು. ಮತ್ತೆ ಸುತ್ತುವುದು, ಮತ್ತೆ ಪಟ್. ಮೂರು ರಾತ್ರಿ ಹೀಗೇ ಆಯಿತು. ಮಗ ಬೇಜಾರಾಗಿ ಎದ್ದು ಹೋದ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡೆ.

ಮಾರಿದವರಿಗೆ ಬರೆದೆ. ಉತ್ತರ ಏನು ಗೊತ್ತಾ? 'ನೀವು ಹೊಸಬರು, ದಾರ ಜಾಸ್ತಿ ಬಿಗಿ ಎಳೆಯುತ್ತಿದ್ದೀರಿ. ನಮ್ಮ ಗಟ್ಟಿ ದಾರ ತಗೊಳ್ಳಿ.' ನಾನು ಸಾರಿ ಕೇಳಿದೆ. ಹೌದು, ನಾನೇ ಅವರಿಗೆ ಸಾರಿ ಕೇಳಿದೆ, ಥ್ಯಾಂಕ್ಸ್ ಬೇರೆ ಹೇಳಿದೆ. 9 ಡಾಲರ್ ಕೊಟ್ಟು ಆ ದಾರ ತರಿಸಿದೆ. ಅದು ಬರಲು ಹನ್ನೆರಡು ದಿನ. ಅದೂ ಹರಿಯಿತು.

ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ, ಎಷ್ಟೋ ವರ್ಷದಿಂದ ಜಿಗ್ ಕಟ್ಟುವವರು. ಒಂದು ಭಾನುವಾರ ಡಬ್ಬಿ ತಗೊಂಡು ಹೋದೆ. ಅವರು ನನ್ನ ಕೈ ನೋಡಲೇ ಇಲ್ಲ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಬಾಬಿನ್ನಿನ ಕೊಳವೆಯ ಬಾಯಿಗೆ ಒತ್ತಿ ಒಂದು ಸುತ್ತು ತಿರುಗಿಸಿದರು. ತೆಗೆದಾಗ ಹತ್ತಿಯ ಎಳೆಗಳು ಕೊಳವೆಯ ಅಂಚಿಗೆ ಸಿಕ್ಕಿಕೊಂಡು ನಿಂತಿದ್ದವು. ಅಂಚು ಬ್ಲೇಡಿನ ಹಾಗೆ ಇತ್ತು. ಎಂಥ ದಾರ ಹಾಕಿದರೂ ಅದು ಕೊಯ್ಯುತ್ತದೆ. ನನ್ನ ಕೈ ಸರಿಯಾಗೇ ಇತ್ತು! ಆ ಕ್ಷಣ ಮೈಯೆಲ್ಲ ಉರಿದುಹೋಯಿತು. ಸಾರಿ ಕೇಳಿದ್ದೆನಲ್ಲ ಅಂತ.

ಮನೆಗೆ ಬಂದು ಉಳಿದದ್ದನ್ನೂ ನೋಡಿದೆ. 1/16 ಔನ್ಸ್ ಅಂದರೆ ಸುಮಾರು 1.8 ಗ್ರಾಂ. ಹತ್ತು ಹೆಡ್ ಅಡುಗೆಮನೆ ತಕ್ಕಡಿಗೆ ಹಾಕಿದೆ. 18 ಗ್ರಾಂ ದಾಟಬೇಕು. ಕೊಕ್ಕೆ ಸೇರಿ ಬಂದದ್ದು 11. ಅಂದರೆ 1/32ರ ಮಾಲನ್ನು 1/16 ಅಂತ ಮಾರಿದ್ದಾರೆ. ಟೆಕ್ಸಸ್ ಗಾಳಿಯಲ್ಲಿ 15 ಅಡಿ ಆಳಕ್ಕೆ ಅದನ್ನು ಇಳಿಸಿ ನೋಡಿ, ಮೀನು ಮುಟ್ಟಿದ್ದೇ ಗೊತ್ತಾಗುವುದಿಲ್ಲ. ಕೊಕ್ಕೆಯ ಕಣ್ಣಿನ ತುಂಬ ಬಣ್ಣ, ಗಾಳದ ದಾರ ತೂರುವುದೇ ಇಲ್ಲ. ತಂತಿಯೂ ಹಾಳು. ಕ್ರಾಪಿ ಇರುವುದೇ ನೀರೊಳಗಿನ ಮರದ ಕೊಂಬೆಗಳ ನಡುವೆ, ಗಾಳ ಸಿಕ್ಕಿಕೊಳ್ಳುವುದು ಇದ್ದದ್ದೇ. ಅದಕ್ಕೇ ತೆಳು ತಂತಿಯ ಕೊಕ್ಕೆ ಬಳಸುವುದು: ಎಳೆದರೆ ಬಾಗಿ ಬಿಟ್ಟುಕೊಳ್ಳಬೇಕು, ಆಮೇಲೆ ಕೈಯಲ್ಲೇ ಮೊದಲಿನ ಆಕಾರಕ್ಕೆ ತರಬೇಕು. ಇದು ಬಾಗಿಸಿದರೆ ಮುರಿಯುತ್ತದೆ.

ತಕ್ಕಡಿಯ ಫೋಟೋ, ಹತ್ತಿಯ ವಿಡಿಯೋ ಎಲ್ಲ ಕಳಿಸಿದೆ. ಉತ್ತರ: 'ತೂಕ ಅಂದಾಜಿನದು.' ಅಂದಾಜು ಅಂದರೆ ಅರ್ಧವಾ? ಮತ್ತೆ ಬರೆದೆ. 'ಬಳಸಿದ ಮಾಲು ವಾಪಸ್ ಇಲ್ಲ.' ಬಳಸದೆ ಕೆಟ್ಟಿದೆ ಅಂತ ಹೇಗೆ ಗೊತ್ತಾಗಬೇಕು? ಮತ್ತೆ ಬರೆದೆ. 'ವಾಪಸ್ ಮಾಡುವ 30 ದಿನ ಮುಗಿದಿದೆ. ಮುಂದಿನ ಖರೀದಿಗೆ 10 ಡಾಲರ್ ಕೂಪನ್ ಕೊಡುತ್ತೇವೆ.' ಮುಂದಿನ ಖರೀದಿಯಂತೆ! ದಾರ ತರಿಸಿ ನೋಡಿ ಅಂತ ದಿನ ಕಳೆಸಿದವರು ಅವರೇ ಅಲ್ವಾ? ಆ ದಾರವೇ ನನ್ನ ಹನ್ನೆರಡು ದಿನ ತಿಂದಿತು.

ಕಿಟ್ ಬೇಡ. ಒಂದೊಂದೇ ಬಿಡಿಯಾಗಿ, ಅಂಗಡಿಗೆ ಹೋಗಿ ಮುಟ್ಟಿ ನೋಡಿ ತಗೊಳ್ಳಿ. ಬಾಬಿನ್ ಮಾತ್ರ ಸೆರಾಮಿಕ್ ಕೊಳವೆಯದ್ದೇ ಇರಲಿ, ನಾಲ್ಕು ಡಾಲರ್ ಜಾಸ್ತಿ ಹೋದರೂ ಪರವಾಗಿಲ್ಲ. ಆನ್‌ಲೈನ್‌ನಲ್ಲೇ ತರಿಸಿದರೆ ಬಂದ ದಿನವೇ ತೂಗಿ, ಕೊಳವೆಯ ಬಾಯಿಗೆ ಹತ್ತಿ ಕಡ್ಡಿ ಒತ್ತಿ ತಿರುಗಿಸಿ ನೋಡಿ, ವಿಡಿಯೋ ಮಾಡಿಟ್ಟುಕೊಳ್ಳಿ. ಕೆಟ್ಟಿದ್ದರೆ ಅವತ್ತೇ ವಾಪಸ್ ಕೇಳಿ. 'ಇದನ್ನು ಮಾಡಿ ನೋಡಿ, ಅದನ್ನು ಮಾಡಿ ನೋಡಿ' ಅಂದರೆ ಕೇಳಲೇಬೇಡಿ. ಸೀಸ ಮುಟ್ಟಿದ ಮೇಲೆ ಮಕ್ಕಳ ಕೈ ಸೋಪು ಹಾಕಿ ತೊಳೆಸಿ, ಆ ಡಬ್ಬಿಯ ಮೇಲೆ ಅದನ್ನೂ ಬರೆದಿರಲಿಲ್ಲ.

ನಿನ್ನೆ ರಾತ್ರಿ ಅಜ್ಜ ಕೊಟ್ಟ ಹಳೇ ಬಾಬಿನ್‌ನಲ್ಲಿ ಮಗ ಒಂದು ಜಿಗ್ ಕಟ್ಟಿದ. ಗುಲಾಬಿ ತಲೆ, ಬಿಳಿ ಪುಕ್ಕ. ದಾರ ಒಂದು ಸಲವೂ ಹರಿಯಲಿಲ್ಲ. ಆ ಕಿಟ್ ಇನ್ನೂ ಮಾರಾಟಕ್ಕಿದೆ, ಈ ವಾರ ಡಿಸ್ಕೌಂಟ್ ಬೇರೆ ಹಾಕಿದ್ದಾರೆ.