ಹಳೇ ಪಿಕಪ್ ತಗೊಳ್ಳುವವರೇ, ಬ್ರೇಕ್ ಎಣ್ಣೆಯನ್ನು ಒಮ್ಮೆ ನೀರಿಗೆ ಬಿಟ್ಟು ನೋಡಿ

ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ತಳ ಮುಟ್ಟಿದರೆ ಹೇಗಿರುತ್ತದೆ ಅಂತ ನನಗೀಗ ಗೊತ್ತು. ನಿಮಗೆ ಗೊತ್ತಾಗುವುದು ಬೇಡ, ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 1968ರ ಮಹೀಂದ್ರ ಎಫ್‌ಸಿ-150. ಇಲ್ಲಿ ಎಫ್‌ಸಿ ಅಂದರೆ ಫಾರ್ವರ್ಡ್ ಕಂಟ್ರೋಲ್, ಆರ್‌ಟಿಒ ಆಫೀಸಿನ ಎಫ್‌ಸಿ ಅಲ್ಲ. ಒಳಗಿರುವುದೆಲ್ಲ ಜೀಪಿನದೇ ಸಾಮಾನು, ಆದರೆ ಮೂತಿ ಇಲ್ಲ. ಡ್ರೈವರ್ ಮುಂದಿನ ಚಕ್ರದ ಮೇಲೇ ಕೂರಬೇಕು. ಪೆಟ್ರೋಲ್ ಎಂಜಿನ್ ಪಕ್ಕದಲ್ಲೇ, ತಗಡಿನ ಮುಚ್ಚಳದ ಕೆಳಗೆ ಕಾಯುತ್ತಿರುತ್ತದೆ. ಅಮೆರಿಕದ ವಿಲ್ಲೀಸ್ ಕಂಪನಿಯ ವಿನ್ಯಾಸ ಇದು. ಮಹೀಂದ್ರದವರು 1965ರಿಂದ ಇಲ್ಲಿ ತಯಾರಿಸಿದರು. ವೀಲ್‌ಬೇಸ್, ಅಂದರೆ ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ, ಬರೀ 81 ಇಂಚು, ಭಾರವೆಲ್ಲ ಮುಂದೆ. ಜೋರಾಗಿ ಬ್ರೇಕ್ ಹಾಕಿದರೆ ಹಿಂಬದಿ ಎದ್ದೀತು ಅಂತ ವಿಲ್ಲೀಸ್‌ನವರು ಹಿಂದಿನ ಆಕ್ಸಲ್ ಮೇಲೆ ಕಬ್ಬಿಣದ ತೂಕ ಕಟ್ಟಿದ್ದರು. ಅಂಥ ಗಾಡಿಯ ಬ್ರೇಕನ್ನೇ ನಾನು ನೋಡಲಿಲ್ಲ.

ನೋಡಿದ್ದು ಏನು ಅಂದರೆ, ಕಾಗದ. ಸಕಲೇಶಪುರದ ಕಡೆಯ ಒಂದು ತೋಟದಲ್ಲಿ ನಿಂತಿದ್ದ ಗಾಡಿ. ‘ಎಂವೈ’ ಅಕ್ಷರದಿಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್. ಅದನ್ನು ಕಂಡೇ ಅರ್ಧ ಮರುಳಾಗಿದ್ದೆ. 2021ರ ನಿಯಮದಂತೆ 50 ವರ್ಷ ದಾಟಿದ, ಬಾಡಿಗೆಗೆ ಓಡದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ. ಚಾಸಿಸ್, ಬಾಡಿ, ಎಂಜಿನ್ ಬದಲಾಗಿರಬಾರದು. ಹಾಗಾಗಿ ಎರಡು ಭಾನುವಾರ ತೋಟಕ್ಕೆ ಹೋಗಿ ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆದೆ, ಆರ್‌ಸಿ ಪಕ್ಕ ಇಟ್ಟು ಒಂದೊಂದೇ ಅಂಕಿ ತಾಳೆ ನೋಡಿದೆ. ಡೀಸೆಲ್ ಎಂಜಿನ್ ಕೂರಿಸಿದ ಗುರುತಿದೆಯಾ ಅಂತ ಮೌಂಟಿಂಗ್ ಕೆಳಗೆಲ್ಲ ಟಾರ್ಚ್ ಬಿಟ್ಟೆ. ಎಲ್ಲ ಸರಿಯಿತ್ತು. ಬ್ರೇಕ್ ಬಗ್ಗೆ ಕೇಳಿದಾಗ ಅಲ್ಲಿನ ಡ್ರೈವರ್, “ಟಾಪ್ ಇದೆ ಸಾರ್, ಹೋದ ವಾರ ತಾನೇ ಎಣ್ಣೆ ತುಂಬಿಸಿದ್ದೀನಿ” ಅಂದ. ಆ ಮಾತು ಕೇಳಿ ನಾನು ಖುಷಿಪಟ್ಟೆ ನೋಡಿ!

ವಿಂಟೇಜ್‌ಗೆ ಇನ್ನೂ ಅರ್ಜಿ ಹಾಕಿರಲಿಲ್ಲ, ಹಳೇ ಆರ್‌ಸಿ ಜೀವಂತ ಇತ್ತು. ಉಜಿರೆಯಲ್ಲಿರುವ ನೆಂಟರಿಗೆ ತೋರಿಸಿ ಬರೋಣ ಅಂತ ಭಾವಮೈದನನ್ನು ಕೂರಿಸಿಕೊಂಡು ಹೊರಟೆ. ಮೂಡಿಗೆರೆ ಬರುವಷ್ಟರಲ್ಲಿ ಪೆಡಲ್ ಗಟ್ಟಿಯಾಗುತ್ತಾ ಬಂತು. ಚೂರು ಒತ್ತಿದರೆ ಸಾಕು, ಹಿಡಿಯುತ್ತಿತ್ತು. ಎಂಥಾ ಬ್ರೇಕ್ ಅಂದುಕೊಂಡೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಡುವಾಗ ನ್ಯೂಟ್ರಲ್‌ನಲ್ಲಿದ್ದರೂ ಗಾಡಿ ಇಳಿಜಾರಿನಲ್ಲಿ ಅಲ್ಲಾಡಲಿಲ್ಲ. “ಭಾವ, ಏನೋ ಸುಟ್ಟ ವಾಸನೆ ಬರ್ತಿದೆ” ಅಂದ ಹುಡುಗ. ಹಳೇ ಗಾಡಿ ಅಲ್ವಾ, ಪೇಂಟ್ ಕಾದಿರಬೇಕು ಅಂದೆ. ಇಳಿದು ಒಂದು ಚಕ್ರದ ನಡುವಿನ ಹಬ್ ಮುಟ್ಟಿ ನೋಡಿದ್ದರೆ ಅಲ್ಲೇ ಕತೆ ಮುಗಿಯುತ್ತಿತ್ತು.

ಘಾಟಿಯಲ್ಲಿ ಕೆಲವು ತಿರುವು ಇಳಿದ ಮೇಲೆ ಗಟ್ಟಿಯಿದ್ದ ಪೆಡಲ್ ಮೆತ್ತಗಾಯಿತು. ಮತ್ತೊಮ್ಮೆ ಒತ್ತಿದೆ, ಸೀದಾ ತಳಕ್ಕೆ ಹೋಯಿತು. ಪಂಪ್ ಮಾಡಿದರೂ ಏನಿಲ್ಲ. ಸೆಕೆಂಡ್ ಗೇರಿನಲ್ಲಿದ್ದದ್ದು ಪುಣ್ಯ. ಇನ್ನೊಂದು ಪುಣ್ಯ ಹ್ಯಾಂಡ್‌ಬ್ರೇಕ್. ಈ ಗಾಡಿಯಲ್ಲಿ ಅದು ಚಕ್ರವನ್ನು ಹಿಡಿಯುವುದಿಲ್ಲ, ಗೇರ್‌ಬಾಕ್ಸಿನ ಹಿಂದಿರುವ ಶಾಫ್ಟನ್ನು ಹಿಡಿಯುತ್ತದೆ. ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಎರಡೂ ಕೈಯಲ್ಲಿ ಎಳೆಯುವ ಆಸೆ, ಆದರೆ ಸ್ಟೇರಿಂಗ್ ಯಾರು ಹಿಡಿಯಬೇಕು? ಭಾವಮೈದ ಎಳೆದ. ನಾನು ಗಾಡಿಯನ್ನು ಗುಡ್ಡದ ಬದಿಯ ಚರಂಡಿಗೆ ಒರಗಿಸಿದೆ. ಹಿಂದೆ ಬರುತ್ತಿದ್ದ ಬಸ್ಸಿನವರು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ನಾಲ್ಕೂ ಡ್ರಮ್ಮಿನಿಂದ ಹೊಗೆ.

ಮೇಸ್ತ್ರಿ ಬಿಚ್ಚಿದಾಗ ವಿಷಯ ಹೊರಬಿತ್ತು. ಹೋದ ವಾರ ತುಂಬಿಸಿದ್ದು ಬ್ರೇಕ್ ಎಣ್ಣೆಯಲ್ಲ, ಟ್ರ್ಯಾಕ್ಟರಿಗೆ ಹಾಕುವ ಹೈಡ್ರಾಲಿಕ್ ಎಣ್ಣೆ. ಬ್ರೇಕೂ ಹೈಡ್ರಾಲಿಕ್ ತಾನೇ ಅನ್ನುವುದು ಆ ಡ್ರೈವರ್ ಲೆಕ್ಕ. ಆದರೆ ಬ್ರೇಕಿನ ರಬ್ಬರ್ ವಾಷರ್‌ಗಳಿಗೆ ಇಂಥ ಖನಿಜ ತೈಲ ವಿಷ. ಅವು ಊದಿಕೊಳ್ಳುತ್ತವೆ. ಪೆಡಲ್ ಒತ್ತಿದಾಗ ಎಣ್ಣೆಯನ್ನು ಚಕ್ರಗಳಿಗೆ ದೂಡುವ ಮಾಸ್ಟರ್ ಸಿಲಿಂಡರಿನಲ್ಲಿ ಎಣ್ಣೆ ವಾಪಸ್ ಹೋಗಲು ಸೂಜಿಮೊನೆಯಷ್ಟು ತೂತು ಇರುತ್ತದೆ. ಊದಿದ ವಾಷರ್ ಅದನ್ನು ಮುಚ್ಚಿಬಿಟ್ಟಿತ್ತು. ಕಾಲು ತೆಗೆದರೂ ಒತ್ತಡ ಇಳಿಯಲಿಲ್ಲ. ದಾರಿಯುದ್ದಕ್ಕೂ ನಾನು ಬ್ರೇಕ್ ಹಿಡಿದುಕೊಂಡೇ ಓಡಿಸಿದ್ದೆ. ನನ್ನ ‘ಎಂಥಾ ಬ್ರೇಕ್’ ಅದೇ. ಡ್ರಮ್ ಕಾದು, ಚಕ್ರದ ಕಡೆ ಮೊದಲಿನಿಂದ ಉಳಿದಿದ್ದ ಹಳೇ ಬ್ರೇಕ್ ಎಣ್ಣೆ ಕುದಿದು ಆವಿಯಾಯಿತು. ಡಾಟ್ 3 ದರ್ಜೆಯ ಹೊಸ ಬ್ರೇಕ್ ಎಣ್ಣೆ ಸುಮಾರು 205 ಡಿಗ್ರಿಯವರೆಗೂ ಕುದಿಯುವುದಿಲ್ಲ, ನೀರು ಹೀರಿಕೊಂಡ ಹಳೆಯದು 140ಕ್ಕೇ ಕುದಿಯಬಹುದು. ಆವಿಯನ್ನು ಎಷ್ಟು ಒತ್ತಿದರೂ ಚಕ್ರ ನಿಲ್ಲುವುದಿಲ್ಲ. ಈ ಕಾಲದ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನ್. ಹೋದರೆ ಪೂರ್ತಿ ಹೋಯಿತು.

ಹಾಗಾಗಿ ದುಡ್ಡು ಕೊಡುವ ಮೊದಲು ಮಾಸ್ಟರ್ ಸಿಲಿಂಡರಿನ ಮುಚ್ಚಳ ತೆಗೆಸಿ. ಅದು ಕಣ್ಣಿಗೆ ಬೀಳದ ಜಾಗದಲ್ಲಿರುತ್ತದೆ, ಆದ್ದರಿಂದ ಯಾರೂ ನೋಡುವುದಿಲ್ಲ. ಮುಚ್ಚಳದ ರಬ್ಬರ್ ಊದಿ ಸುಕ್ಕಾಗಿದ್ದರೆ ಅನುಮಾನಪಡಿ. ಸ್ವಲ್ಪ ಎಣ್ಣೆಯನ್ನು ಲೋಟದ ನೀರಿಗೆ ಬಿಟ್ಟು ಕಲಕಿ. ಮಾಮೂಲಿ ಬ್ರೇಕ್ ಎಣ್ಣೆ ನೀರಿನಲ್ಲಿ ಬೆರೆಯುತ್ತದೆ, ಬೇರೆ ಎಣ್ಣೆಯಾದರೆ ಮೇಲೆ ತೇಲುತ್ತದೆ. ಓಡಿಸಿ ನೋಡಿದ ಮೇಲೆ ಹಬ್‌ಗಳ ಹತ್ತಿರ ಅಂಗೈ ಒಡ್ಡಿ. ಚಕ್ರ ಬಿಗಿಯಾಗಿದ್ದರೆ ಜಾಕ್ ಕೊಟ್ಟು ಏರ್ ತೆಗೆಯುವ ನಿಪ್ಪಲ್ ಸಡಿಲಿಸಿ. ಎಣ್ಣೆ ಚಿಮ್ಮಿ ಚಕ್ರ ಸಲೀಸಾಗಿ ತಿರುಗಿತು ಅಂದರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ ಅಂತ ಅರ್ಥ.

ಇನ್ನೊಂದು ಮಾತು. ತಪ್ಪು ಎಣ್ಣೆ ಹೋಗಿದ್ದರೆ ಬರೀ ಎಣ್ಣೆ ಬದಲಾಯಿಸಿ ಸುಮ್ನೆ ಕೂರಬೇಡಿ. ನನಗೂ ಒಬ್ಬ ಅದನ್ನೇ ಹೇಳಿದ್ದ. ಊದಿದ ರಬ್ಬರ್ ಮತ್ತೆ ಸರಿಯಾಗುವುದಿಲ್ಲ. ಮಾಸ್ಟರ್ ಕಿಟ್, ನಾಲ್ಕೂ ವೀಲ್ ಸಿಲಿಂಡರ್ ಕಿಟ್, ರಬ್ಬರ್ ಪೈಪ್‌ಗಳು ಎಲ್ಲ ಹೊಸದಾದವು. ಕಬ್ಬಿಣದ ಲೈನುಗಳನ್ನು ಸ್ಪಿರಿಟ್‌ನಲ್ಲಿ ತೊಳೆಸಿದೆ. ಸುಟ್ಟ ಲೈನರ್ ಸೇರಿ 14,000 ರೂಪಾಯಿ.

ಈಗ ಮುಚ್ಚಳದ ಪಕ್ಕ ಬಿಳಿ ಪೇಂಟಿನಲ್ಲಿ ‘ಬ್ರೇಕ್ ಎಣ್ಣೆ ಮಾತ್ರ’ ಅಂತ ಬರೆದಿದ್ದೇನೆ. ಅದರ ಕೆಳಗೆ ಭಾವಮೈದ ತನ್ನ ಅಕ್ಷರದಲ್ಲಿ ಸೇರಿಸಿದ್ದಾನೆ: ‘ತೆಂಗಿನೆಣ್ಣೆಯೂ ಬೇಡ.’