ವಿ-ಸ್ಟ್ರಾಮ್, ವರ್ಸಿಸ್, ಎನ್‌ಸಿ: ಒಂದೇ ದಾರಿಯಲ್ಲಿ ಮೂರು ಬೈಕುಗಳು

ಎತ್ತರದ ನಿಲುವು, ಅಗಲವಾದ ಹ್ಯಾಂಡಲ್, ಎದುರಿಗೆ ವಿಂಡ್‌ಶೀಲ್ಡ್, ಹಿಂದೆ ಪೆಟ್ಟಿಗೆ ಕಟ್ಟಲು ಜಾಗ. ದೂರದಿಂದ ನೋಡಿದರೆ ಮಧ್ಯಮ ಗಾತ್ರದ ಅಡ್ವೆಂಚರ್ ಬೈಕುಗಳೆಲ್ಲ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ಸುಜುಕಿ ವಿ-ಸ್ಟ್ರಾಮ್ 650, ಕವಾಸಾಕಿ ವರ್ಸಿಸ್ 650 ಮತ್ತು ಹೊಂಡಾ ಎನ್‌ಸಿ750ಎಕ್ಸ್, ಈ ಮೂರನ್ನೂ ಒಂದೇ ದಾರಿಯಲ್ಲಿ, ಅಷ್ಟೇ ಸಾಮಾನು ಹೇರಿಕೊಂಡು, ತಲಾ ಮೂರು ದಿನ ಓಡಿಸಿದ ಮೇಲೆ ಆ ಹೋಲಿಕೆ ಹೊರನೋಟಕ್ಕೆ ಮಾತ್ರ ಸೀಮಿತ ಎಂಬುದು ನನಗೆ ಖಚಿತವಾಯಿತು. ದಾರಿಯಲ್ಲಿ ನೇರವಾದ ಹೆದ್ದಾರಿಯಿತ್ತು, ಬೆಟ್ಟದ ತಿರುವುಗಳಿದ್ದವು, ಕೊನೆಯಲ್ಲಿ ಡಾಂಬರು ಕಿತ್ತು ಜಲ್ಲಿ ಎದ್ದ ಒಂದು ಉದ್ದನೆಯ ತುಣುಕೂ ಇತ್ತು. ನಾನು ಓಡಿಸಿದ ವಿ-ಸ್ಟ್ರಾಮ್ 2017ರ ನಂತರದ ರೂಪ, ವರ್ಸಿಸ್ 2015ರ ನಂತರದ್ದು, ಎನ್‌ಸಿ 2021ರಲ್ಲಿ ಪರಿಷ್ಕೃತವಾದದ್ದು.

ಸವಾರರು ಮೊದಲು ಕೇಳುವುದು ಅಶ್ವಶಕ್ತಿಯನ್ನು. ವಿ-ಸ್ಟ್ರಾಮ್ ಮತ್ತು ವರ್ಸಿಸ್ ಎರಡೂ 70ರ ಆಸುಪಾಸಿನಲ್ಲಿವೆ, ಎನ್‌ಸಿ 58ರಲ್ಲಿ ನಿಲ್ಲುತ್ತದೆ. ಈ ವರ್ಗದ ಬೈಕನ್ನು ಆರಿಸುವಾಗ ಈ ಅಂಕಿಗಿಂತ ಹೆಚ್ಚಾಗಿ ನೋಡಬೇಕಾದವು ಎರಡು ಎಂದು ನಾನು ನಂಬುತ್ತೇನೆ: ಮುಂದಿನ ಚಕ್ರದ ಅಳತೆ, ಮತ್ತು ಎಂಜಿನ್ ತನ್ನ ಬಲವನ್ನು ಯಾವ ವೇಗದ ಸುತ್ತಿನಲ್ಲಿ ಕೊಡುತ್ತದೆ ಎಂಬುದು.

ಚಕ್ರದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ವಿ-ಸ್ಟ್ರಾಮ್‌ನ ಮುಂದಿನ ಚಕ್ರ 19 ಇಂಚಿನದು, ಹಿಂದಿನದು 17. ವರ್ಸಿಸ್ ಮತ್ತು ಎನ್‌ಸಿ ಎರಡರಲ್ಲೂ ಹಿಂದೆ ಮುಂದೆ 17 ಇಂಚಿನ ಚಕ್ರಗಳೇ ಇವೆ. ಎರಡು ಇಂಚಿನ ವ್ಯತ್ಯಾಸ ಕಾಗದದ ಮೇಲೆ ಅಲ್ಪವೆನಿಸುತ್ತದೆ, ಆದರೆ ಗುಂಡಿಯ ಅಂಚು ತಗಲಿದಾಗ ದೊಡ್ಡ ಚಕ್ರವು ಅದನ್ನು ಹೆಚ್ಚು ಓರೆಯಾದ ಕೋನದಲ್ಲಿ ಏರಿ ದಾಟುವುದರಿಂದ ಮಣಿಕಟ್ಟಿಗೆ ಬರುವ ಹೊಡೆತ ಕಡಿಮೆಯಾಗುತ್ತದೆ. ಜಲ್ಲಿಯ ಹಾದಿಯಲ್ಲಿ ವಿ-ಸ್ಟ್ರಾಮ್‌ನ ಹ್ಯಾಂಡಲ್ಲನ್ನು ಸಡಿಲವಾಗಿ ಹಿಡಿದು, ಕಾಲ್ಮೆಟ್ಟಿನ ಮೇಲೆ ಎದ್ದು ನಿಂತು, ಬೈಕನ್ನು ಅದರ ಪಾಡಿಗೆ ಹೋಗಲು ಬಿಡಲು ಸಾಧ್ಯವಾಯಿತು. ಅದೇ ಹಾದಿಯಲ್ಲಿ ವರ್ಸಿಸ್ ಓಡಿಸುವಾಗ ಪ್ರತಿ ಗುಂಡಿಯನ್ನೂ ಮೊದಲೇ ಗುರುತಿಸಿ ತಪ್ಪಿಸಬೇಕಾಯಿತು. ಇದು ವರ್ಸಿಸ್‌ನ ದೋಷವಲ್ಲ, ಅದು ಡಾಂಬರಿಗೆಂದೇ ರೂಪುಗೊಂಡ ಬೈಕು. ಅದರ ಸೈಲೆನ್ಸರ್ ಎಂಜಿನ್ನಿನ ಅಡಿಯಲ್ಲೇ ಇರುವುದನ್ನು ಬಗ್ಗಿ ನೋಡಿದ ಯಾರೂ ಅದನ್ನು ಕಲ್ಲುಗಳ ಮೇಲೆ ಹಾಯಿಸಲು ಮನಸ್ಸು ಮಾಡಲಾರರು.

ಬೆಟ್ಟದ ತಿರುವುಗಳಲ್ಲಿ ಲೆಕ್ಕ ಪೂರ್ತಿ ತಿರುವುಮುರುವಾಯಿತು. ಅಗಲವಾದ ಹ್ಯಾಂಡಲ್ ಮತ್ತು ಚಿಕ್ಕ ಚಕ್ರ ಜೊತೆಗೂಡಿ ವರ್ಸಿಸ್ಸನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಎಷ್ಟು ಸಲೀಸಾಗಿ ವಾಲಿಸುತ್ತವೆಂದರೆ, ಸುಮಾರು 215 ಕಿಲೋ ತೂಕದ ಬೈಕಿನ ಮೇಲೆ ಕುಳಿತಿದ್ದೇನೆ ಎಂಬುದೇ ಮರೆತುಹೋಗುತ್ತದೆ. ವಿ-ಸ್ಟ್ರಾಮ್ ತಿರುವಿಗೆ ಇಳಿಯುವುದು ತುಸು ನಿಧಾನ, ಇಳಿದ ಮೇಲೆ ಮಾತ್ರ ಹಿಡಿದ ಗೆರೆಯನ್ನು ಬಿಡುವುದಿಲ್ಲ. 17 ಇಂಚಿನ ಚಕ್ರಗಳಿಗೆ ಒಳ್ಳೆಯ ರಸ್ತೆ ಟಯರುಗಳ ಆಯ್ಕೆಯೂ ಹೆಚ್ಚು ಎಂಬುದು ತಿರುವುಗಳನ್ನು ಪ್ರೀತಿಸುವವರಿಗೆ ಸಣ್ಣ ವಿಷಯವಲ್ಲ.

ಇನ್ನು ಎಂಜಿನ್. ಮೂರೂ ಎರಡು ಸಿಲಿಂಡರಿನವೇ ಆದರೂ ಅವುಗಳ ನಾಡಿ ಬೇರೆ ಬೇರೆ. ವಿ-ಸ್ಟ್ರಾಮ್‌ನಲ್ಲಿ ಸಿಲಿಂಡರುಗಳು 90 ಡಿಗ್ರಿ ಕೋನದಲ್ಲಿ ಕವಲೊಡೆದಿವೆ. ಈ ಜೋಡಣೆಯಲ್ಲಿ ಪಿಸ್ಟನ್‌ಗಳ ಚಲನೆಯಿಂದ ಹುಟ್ಟುವ ಮುಖ್ಯ ಕಂಪನ ತಾನಾಗಿಯೇ ಸಮತೋಲನಕ್ಕೆ ಬರುವುದರಿಂದ, ಇಡೀ ದಿನ ಓಡಿಸಿದರೂ ಬೆರಳುಗಳಲ್ಲಿ ಜೋಮು ಹಿಡಿಯಲಿಲ್ಲ. ವರ್ಸಿಸ್‌ನ ಸಿಲಿಂಡರುಗಳು ಅಕ್ಕಪಕ್ಕದಲ್ಲಿದ್ದು, ಪಿಸ್ಟನ್‌ಗಳ ಏರಿಳಿತವನ್ನು ಸುತ್ತುವಿಕೆಯಾಗಿಸುವ ದಂಡವಾದ ಕ್ರ್ಯಾಂಕ್ 180 ಡಿಗ್ರಿಯದು, ಅಂದರೆ ಒಂದು ಪಿಸ್ಟನ್ ಮೇಲಿದ್ದಾಗ ಇನ್ನೊಂದು ಕೆಳಗಿರುತ್ತದೆ. ಅದು ಮೇಲಿನ ಸುತ್ತುಗಳಲ್ಲಿ ಹುರುಪಿನಿಂದ ಹಾಡುತ್ತದೆ ಮತ್ತು ತನ್ನ ಗರಿಷ್ಠ ಎಳೆತವನ್ನು (ಟಾರ್ಕ್) ನಿಮಿಷಕ್ಕೆ 7,000 ಸುತ್ತಿನ ಬಳಿ ಕೊಡುತ್ತದೆ, ಆದರೆ ನಡುವಣ ಸುತ್ತುಗಳಲ್ಲಿ ಸಣ್ಣಗೆ ನಡುಗುತ್ತದೆ ಎಂದು ಅದರ ಸವಾರರು ಹೇಳುವುದು ನಿಜ. ಎನ್‌ಸಿಯ ಕ್ರ್ಯಾಂಕ್ 270 ಡಿಗ್ರಿಯದಾದ್ದರಿಂದ, ಸಿಲಿಂಡರುಗಳು ಪಕ್ಕಪಕ್ಕದಲ್ಲೇ ಇದ್ದರೂ, ಅದರ ಬಡಿತ ವಿ-ಸ್ಟ್ರಾಮ್‌ನದನ್ನೇ ಹೋಲುತ್ತದೆ. ಅದರ 69 ನ್ಯೂಟನ್ ಮೀಟರ್ ಎಳೆತವು 4,750 ಸುತ್ತಿನಲ್ಲೇ ಸಿಗುತ್ತದೆ, 7,000ಕ್ಕೆ ಕೆಂಪು ಗೆರೆ, ಅಂದರೆ ಎಂಜಿನ್ ಸುತ್ತಿನ ಮಿತಿ, ಬಂದುಬಿಡುತ್ತದೆ. ಗೇರು ಬೇಗ ಬೇಗ ಏರಿಸಿ ಸಮಾಧಾನದಿಂದ ಸಾಗುವವರಿಗೆ ಇದಕ್ಕಿಂತ ಹಿತವಾದ ಎಂಜಿನ್ ಈ ಮೂರರಲ್ಲಿಲ್ಲ. ಅದನ್ನು ಸುತ್ತು ಏರಿಸಿ ಓಡಿಸಲು ಹೊರಟವರಿಗೆ ಮಾತ್ರ ನಿರಾಸೆ ಖಂಡಿತ.

ಎನ್‌ಸಿಯಲ್ಲಿ ಟ್ಯಾಂಕ್ ಇರಬೇಕಾದ ಕಡೆ 23 ಲೀಟರಿನ ಸಾಮಾನು ಪೆಟ್ಟಿಗೆ ಇದೆ, ಹೆಲ್ಮೆಟ್ ಅದರೊಳಗೆ ಕೂರುತ್ತದೆ. ನಿತ್ಯದ ಓಡಾಟಕ್ಕೆ ಇದೊಂದು ದೊಡ್ಡ ಸೌಕರ್ಯ. 14.1 ಲೀಟರಿನ ಟ್ಯಾಂಕ್ ಸೀಟಿನ ಅಡಿಗೆ ಹೋಗಿರುವುದರಿಂದ ಹಿಂದಿನ ಸೀಟನ್ನು ಎತ್ತಿಯೇ ಪೆಟ್ರೋಲ್ ತುಂಬಿಸಬೇಕು. ಹಿಂಬದಿಗೆ ಚೀಲ ಬಿಗಿದು ಹೊರಟಿದ್ದ ನಾನು ಪ್ರತಿ ಬಂಕಿನಲ್ಲೂ ಕಟ್ಟು ಬಿಚ್ಚಿ ಮತ್ತೆ ಕಟ್ಟಿದೆ. ಪಕ್ಕದ ಪೆಟ್ಟಿಗೆಗಳಿದ್ದರೆ ಈ ತೊಂದರೆ ಬಾರದು. ಟ್ಯಾಂಕ್ ಚಿಕ್ಕದಾದರೂ ಎಂಜಿನ್ ಮಿತವ್ಯಯಿ, ಆದ್ದರಿಂದ 20 ಲೀಟರಿನ ವಿ-ಸ್ಟ್ರಾಮ್ ಮತ್ತು 21 ಲೀಟರಿನ ವರ್ಸಿಸ್ ಎದುರು ಅದು ತೀರಾ ಹಿಂದೆ ಬೀಳುವುದಿಲ್ಲ.

ಗಾಳಿಯ ವಿಷಯದಲ್ಲಿ ಒಬ್ಬರ ಅನುಭವ ಇನ್ನೊಬ್ಬರಿಗೆ ಒಗ್ಗುವುದಿಲ್ಲ, ಏಕೆಂದರೆ ವಿಂಡ್‌ಶೀಲ್ಡಿನ ಮೇಲಂಚಿನಿಂದ ಚಿಮ್ಮುವ ಗಾಳಿ ಹೆಲ್ಮೆಟ್ಟಿಗೆ ಎಲ್ಲಿ ಬಡಿಯುತ್ತದೆ ಎಂಬುದು ಸವಾರನ ಎತ್ತರವನ್ನು ಅವಲಂಬಿಸಿದೆ. ವರ್ಸಿಸ್‌ನಲ್ಲಿ ಎರಡು ತಿರುಪುಗಳನ್ನು ಕೈಯಿಂದಲೇ ಸಡಿಲಿಸಿ ಅದನ್ನು ಏರಿಸಿಳಿಸಬಹುದು, ವಿ-ಸ್ಟ್ರಾಮ್‌ನಲ್ಲಿ ಇದಕ್ಕೆ ಉಪಕರಣ ಬೇಕು. ರಸ್ತೆ ಬದಿಯಲ್ಲಿ ನಿಂತು ಸರಿಹೊಂದಿಸಿಕೊಳ್ಳುವ ಅನುಕೂಲ ಎಷ್ಟು ದೊಡ್ಡದು ಎಂಬುದು ಎದುರುಗಾಳಿಯಲ್ಲಿ ಎರಡು ಗಂಟೆ ಸಾಗಿದವರಿಗೆ ಗೊತ್ತು.

ದುರಸ್ತಿಯ ಕಡೆಯಿಂದ ನೋಡಿದರೆ ವಿ-ಸ್ಟ್ರಾಮ್‌ನ ವಿ ಜೋಡಣೆ ತುಸು ತೊಡಕಿನದು. ಸಿಲಿಂಡರುಗಳ ತಲೆಯಲ್ಲಿರುವ ವಾಲ್ವ್‌ಗಳ ಅಂತರ ನೋಡಲು ಎರಡು ಕಡೆ ಬಿಚ್ಚಬೇಕು. ಮೇಲಾಗಿ ಆಯಿಲ್ ಫಿಲ್ಟರ್ ಮುಂಭಾಗದಲ್ಲೇ ತೆರೆದುಕೊಂಡಿರುವುದರಿಂದ, ಜಲ್ಲಿ ದಾರಿಗೆ ಹೋಗುವವರು ಅಡಿಗೆ ರಕ್ಷಣಾ ತಗಡು ಹಾಕಿಸಿಕೊಳ್ಳುವುದು, ಮುಂದಿನ ಮಡ್‌ಗಾರ್ಡನ್ನು ಉದ್ದ ಮಾಡಿಸಿಕೊಳ್ಳುವುದು ಅಗತ್ಯ.

ನನ್ನ ತೀರ್ಮಾನ ಬಹುಮಟ್ಟಿಗೆ ಹಿಂದಿನ ಸೀಟಿನಿಂದ ಬಂದಿತು. ಮೂರೂ ಬೈಕುಗಳಲ್ಲಿ ಕೊನೆಯ ದಿನ ಪತ್ನಿ ಜೊತೆಗಿದ್ದಳು. 800 ಮಿಲಿಮೀಟರ್ ಎತ್ತರದ ಸೀಟಿನ ಎನ್‌ಸಿಗೆ ಹತ್ತುವುದು ಸುಲಭವೆಂದಳು, ಬೆಟ್ಟದಲ್ಲಿ ವರ್ಸಿಸ್ ಹಿತವೆಂದಳು. ಜಲ್ಲಿಯ ತುಣುಕಿಗೆ ಮೊದಲು ವಿ-ಸ್ಟ್ರಾಮ್‌ನ ಬದಿಯ ಗುಬುಟನ್ನು ತಿರುಗಿಸಿ ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿಕೊಂಡೆ. ವರ್ಸಿಸ್‌ನಲ್ಲೂ ಅಂಥದೇ ಗುಬುಟು ಇದೆ, ಅದನ್ನೂ ಹಾಗೆಯೇ ಬಿಗಿ ಮಾಡಿದ್ದೆ. ಆದರೆ ಆ ತುಣುಕು ದಾಟುವವರೆಗೂ ಅವಳು ನನ್ನ ಹೆಗಲನ್ನು ಬಿಗಿಯಾಗಿ ಹಿಡಿಯದೆ ಕುಳಿತಿದ್ದದ್ದು ವಿ-ಸ್ಟ್ರಾಮ್‌ನಲ್ಲಿ ಮಾತ್ರ. ನಾನು ವಿ-ಸ್ಟ್ರಾಮ್ ಆರಿಸಿಕೊಂಡೆ.