ಖಾನಾಪುರದ ಮಣ್ಣಿನ ಕುಂಡ ತಗೊಳ್ಳಬಹುದಾ?

ಧಾರಾಳವಾಗಿ ತಗೊಳ್ಳಿ. ಆದರೆ ಬಡಿದು ನೋಡಿ ತಗೊಳ್ಳಿ.

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಹಳೇ ಮನೆಯ ಹಿಂದೆ ಫರಸಿ ಕಲ್ಲು ಹಾಕಿದ ಸಣ್ಣ ಅಂಗಳವಿದೆ. ಅಬೋಲಿ (ಕನಕಾಂಬರ), ದಾಸವಾಳ, ಕರಿಬೇವು, ಮಲ್ಲಿಗೆ ಎಲ್ಲಾ ಇದ್ದವು. ಒಂದು ಹಸಿರು ಪ್ಲಾಸ್ಟಿಕ್ ಕುಂಡದಲ್ಲಿ, ಇನ್ನೊಂದು ಪೇಂಟ್ ಡಬ್ಬದಲ್ಲಿ, ಮತ್ತೊಂದು ಒಡೆದ ಬಕೆಟ್‌ನಲ್ಲಿ. ಗಿಡ ಚೆನ್ನಾಗಿದ್ದರೂ ನೋಡೋಕೆ ಗುಜರಿ ಅಂಗಡಿ! ಹೊಸ ಗಿಡ ಒಂದೂ ತರಲಿಲ್ಲ, ಕುಂಡ ಮಾತ್ರ ಬದಲಾಯಿಸಿದೆವು. ಎಲ್ಲಾ ಒಂದೇ ಕೆಂಪು. ದೊಡ್ಡವು ಗೋಡೆಗೆ ಒತ್ತಿ, ಸಣ್ಣವು ಮುಂದೆ, ತುಳಸಿಕಟ್ಟೆ ಸುತ್ತ ಖಾಲಿ ಜಾಗ. ಅಷ್ಟಕ್ಕೇ ಅಂಗಳ ದೊಡ್ಡದಾದಂತೆ ಕಾಣುತ್ತದೆ. ನಮ್ಮತ್ತೆ ಈಗ ಸಂಜೆ ಚಹಾ ಅಲ್ಲೇ ಮಣೆ ಹಾಕಿಕೊಂಡು ಕುಡಿಯುತ್ತಾರೆ. ಧಾರಾವಾಹಿ ಬಿಟ್ಟು ಬರೋದು ಅಂದರೆ ಸುಮ್ನೆ ಅಲ್ಲ.

ಖಾನಾಪುರ ಇಲ್ಲಿಂದ ಗೋವಾ ರಸ್ತೆಯಲ್ಲಿ ಸುಮಾರು 26 ಕಿ.ಮೀ. ಹೆಂಚು, ಇಟ್ಟಿಗೆ, ಮಡಿಕೆಗೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೂ ಅಲ್ಲಿದೆ. ನಾವು ತಂದದ್ದು ಒಬ್ಬ ಕುಂಬಾರ ಕಾಕಾನ ಮನೆಯಿಂದ. "ಬಡದ್ ನೋಡ್ರಿ ಅಕ್ಕಾರ, ಟಣ್ ಅಂದ್ರ ಒಯ್ರಿ" ಅಂದರು. ಬೆರಳ ಗೆಣ್ಣಿನಿಂದ ಬಡಿದರೆ ಚೆನ್ನಾಗಿ ಸುಟ್ಟ ಕುಂಡ ಟಣ್ ಅನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ದಬ್ ಅನ್ನುತ್ತದೆ. ಹಾಗೆ ಬಡಿದೇ ಕೆಲವನ್ನು ವಾಪಸ್ ಇಟ್ಟೆ. ಕಾಕಾ ಬೇಜಾರು ಮಾಡಿಕೊಳ್ಳಲಿಲ್ಲ. ಭತ್ತದ ಹುಲ್ಲು ತುರುಕಿ ಕಾರಿನಲ್ಲಿ ತಾವೇ ಜೋಡಿಸಿಕೊಟ್ಟರು.

ಮಣ್ಣಿನ ಕುಂಡದ ಮೈಯಿಂದ ನೀರು ಆರುತ್ತಿರುತ್ತದೆ, ಹಾಗಾಗಿ ಏಪ್ರಿಲ್ ಬಿಸಿಲಲ್ಲೂ ಬೇರು ತಂಪಾಗಿರುತ್ತದೆ. ನಮ್ಮ ಮಳೆ ಗೊತ್ತಲ್ವಾ, ಜೂನ್ ಹಿಡಿದರೆ ಬಿಡಲ್ಲ. ಆಗ ಪ್ಲಾಸ್ಟಿಕ್‌ನಲ್ಲಿ ಕೊಳೆಯುತ್ತಿದ್ದ ಮಲ್ಲಿಗೆ ಇದರಲ್ಲಿ ತಡೆದುಕೊಂಡಿತು. ಹೊಸ ಕುಂಡವನ್ನು ಒಂದು ರಾತ್ರಿ ನೀರಲ್ಲಿ ಮುಳುಗಿಸಿಡಿ, ಇಲ್ಲದಿದ್ದರೆ ಗಿಡಕ್ಕೆ ಹಾಕಿದ ನೀರನ್ನು ಅದೇ ಕುಡಿಯುತ್ತದೆ. ತಳದ ತೂತಿನ ಮೇಲೆ ಒಂದು ಬೋಕಿ (ಒಡೆದ ಮಡಿಕೆಯ ಚೂರು) ಇಟ್ಟು ಮಣ್ಣು ತುಂಬಿ.

ತಕರಾರೂ ಇದೆ. ಎರಡು ಕುಂಡದ ತಳ ಸಮ ಇಲ್ಲ, ಅಲ್ಲಾಡುತ್ತವೆ. ಬೇಸಿಗೆಯಲ್ಲಿ ದಿನಾ ನೀರು ಹಾಕಲೇಬೇಕು, ಊರಿಗೆ ಹೋದರೆ ಪಕ್ಕದ ಮನೆಯವರಿಗೆ ಹೇಳಿ ಹೋಗಬೇಕು. ನಮ್ಮ ಬೋರ್‌ವೆಲ್ ನೀರಿಗೆ ಮೈಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ತೆಂಗಿನ ನಾರಿನಿಂದ ಉಜ್ಜಿದರೆ ಹೋಗುತ್ತದೆ, ನಾನಂತೂ ಉಜ್ಜಲ್ಲ. ಅಡಿಯಲ್ಲಿ ತಟ್ಟೆ ಇಡದಿದ್ದರೆ ಫರಸಿ ಮೇಲೆ ಕೆಂಪು ಉಂಗುರ ಬೀಳುತ್ತದೆ. ಬಿಳಿ ಟೈಲ್ಸ್ ಇದ್ದವರು ಯೋಚನೆ ಮಾಡಿ.

ಮಳೆಗಾಲದಲ್ಲಿ ಮಾತ್ರ ಹೋಗಬೇಡಿ. ಹಸಿ ಕುಂಡ ಒಣಗಲ್ಲ, ಭಟ್ಟಿ ಹಚ್ಚೋದೂ ಕಡಿಮೆ. ದೀಪಾವಳಿ ಕಳೆದ ಮೇಲೆ ಹೋದರೆ ಆರಿಸಿಕೊಳ್ಳಲು ಜಾಸ್ತಿ ಸಿಗುತ್ತವೆ.